ಕೂಸು ಓದುವ ದೊಡ್ಡವ್ವ

ಹೊಸಪೇಟೆಯ ಯಾವ ಓಣಿಗೆ ಹೋದರೂ ಇಂಥ ಒಬ್ಬ ದೊಡ್ಡವ್ವ ಇದ್ದೇ ಇರುತ್ತಾಳೆ. ಬಾಣಂತಿ ಮನೆಗೆ ಬಂದ ಸುದ್ದಿ ಆಶಾ ಕಾರ್ಯಕರ್ತೆಗಿಂತ ಮೊದಲು ಇವಳಿಗೆ ಮುಟ್ಟಿರುತ್ತದೆ. ಬಂದವಳೇ ಕಾಲು ನೀಡಿ, ಕೂಸನ್ನು ಮೇಲೆ ಮಲಗಿಸಿಕೊಂಡು ಓದಲು ಶುರು. ನಿದ್ದೆಯಲ್ಲಿ ನಕ್ಕರೆ ಸೆಟವಿ ನಗಿಸುತ್ತಿದ್ದಾಳೆ. ಬಗ್ಗಿ ಕಾಲ ಸಂದಿನಿಂದ ಇಣುಕಿದರೆ ಹಿಂದೆಯೇ ಇನ್ನೊಂದು ಕೂಸು ಬರುತ್ತಿದೆ. ಇದನ್ನು ಕೇಳಿ ನನ್ನ ಹೆಂಡತಿ ನನ್ನನ್ನೇ ದುರುಗುಟ್ಟಿ ನೋಡಿದ್ದಳು.

ನನ್ನ ಪಾಲಿನ ದೊಡ್ಡವ್ವ ಗೋಡೆಯಾಚೆಯವಳು. ನಮ್ಮ ಮಗಳು ಮಲಗುವ ಮುಂಚೆ ತಲೆಯನ್ನು ಅತ್ತಿಂದಿತ್ತ ಹೊರಳಿಸತೊಡಗಿದಾಗ ತೀರ್ಪು ಬಂತು: "ಹಂಪಿ ಆನಿ ಲಕ್ಷ್ಮಿ ಆಡಿಸಿದಂಗ ಆಡಸ್ತೈತಿ ನೋಡು ತಮ್ಮಾ, ದಿಷ್ಟಿ ಆಗೇತಿ." ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು. ಆ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದೆವು, ಕೂಸು ತಲೆ ಆಡಿಸುತ್ತಲೇ ಇತ್ತು. ಮರುದಿನ ಬಜೆಯ ಬಳೆ. ಆಮೇಲೆ ಸಂಡೂರಿನ ಕುಮಾರಸ್ವಾಮಿಗೆ ಹರಕೆ. ಹೊತ್ತವಳು ಅವಳು, ಅದಿರು ಲಾರಿಗಳ ಹಿಂದೆ ಧೂಳು ಕುಡಿದು ತೀರಿಸಿದವನು ನಾನು. ಮಕ್ಕಳ ಡಾಕ್ಟರು ನೋಡಿ, ಕರೆದರೆ ತಿರುಗುತ್ತಾಳೆ, ಎತ್ತಿಕೊಂಡರೆ ನಿಲ್ಲಿಸುತ್ತಾಳೆ, ನಿದ್ದೆಗೆ ತನ್ನನ್ನು ತಾನೇ ತೂಗಿಕೊಳ್ಳುತ್ತಿದ್ದಾಳೆ ಎಂದರು. "ನಾನೂ ಅದನ್ನ ಅಂದಿದ್ದೆ" ಎಂದಳು ದೊಡ್ಡವ್ವ.

ಹಾರ್ನಿಗೆ ಎಳೆಗೂಸು ಕೈ ಚಾಚಿ ಬೆಚ್ಚಿದರೂ ಅವಳಿಗೆ ಬಾಲಗ್ರಹ. ಅದು ಮೊರೊ ಪ್ರತಿವರ್ತನೆ, 4ರಿಂದ 6 ತಿಂಗಳಿಗೆ ತಾನೇ ಹೋಗುತ್ತದೆ ಎಂದರೆ, "ನೀ ಎಷ್ಟು ಹಡದೀಯಪ್ಪಾ?"

ಒಂದು ಆಟಕ್ಕೆ ಮಾತ್ರ ಅವಳು ಅರ್ಥ ಹೇಳುವುದಿಲ್ಲ. ಬಹಳ ಹಿಂದೆ ಕಂಪ್ಲಿಯಲ್ಲಿ ಅವಳ ತಂಗಿಯ ಕೂಸು ನಿದ್ದೆಯಿಂದ ಎದ್ದಾಗಲೆಲ್ಲ ತಲೆ ಬಗ್ಗಿಸಿ, ಕೈ ಚಾಚಿ, ಮೇಲಿಂದ ಮೇಲೆ ನಮಸ್ಕಾರ ಮಾಡುತ್ತಿತ್ತಂತೆ. ವಿರೂಪಾಕ್ಷನ ಭಕ್ತ ಹುಟ್ಟಿದನೆಂದು ಓಣಿಗೆ ಓಣಿಯೇ ನೋಡಲು ಬಂತು. ಬಳ್ಳಾರಿ ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೂಸು ನಗುವುದನ್ನು ಮರೆತಿತ್ತು. 1841ರಲ್ಲಿ ಇಂಗ್ಲೆಂಡಿನ ಡಾಕ್ಟರು ವೆಸ್ಟ್ ತನ್ನ ಸ್ವಂತ ಮಗನಲ್ಲೇ ಹೀಗೆ ಮೇಲಿಂದ ಮೇಲೆ ಬಗ್ಗಿಸುವ ಸೆಳವನ್ನು ಕಂಡು, ಏನೆಂದು ತಿಳಿಯದೆ, ಲ್ಯಾನ್ಸೆಟ್ ಪತ್ರಿಕೆಗೆ ಬರೆದು ಬೇರೆ ವೈದ್ಯರನ್ನು ಕೇಳಿದ್ದ. ಈಗ ಔಷಧಿ ಇದೆ. ತಡಮಾಡಿದಷ್ಟೂ ಮೆದುಳಿಗೆ ಪೆಟ್ಟು. ವೆಸ್ಟನ ಕಥೆ ಹೇಳಿದಾಗ ದೊಡ್ಡವ್ವ, "ಅಂವಾ ಡಾಕ್ಟರಾಗಿದ್ದನಲ್ಲ" ಎಂದಷ್ಟೇ ಅಂದು ಎಲೆಯಡಿಕೆ ಚೀಲ ಬಿಚ್ಚಿದಳು.

ಈಗ ಓಣಿಯಲ್ಲಿ ಯಾವ ಕೂಸು ಹಾಗೆ ಬಗ್ಗಿದರೂ ಸೆಟವಿ, ಬಜೆ ಎಲ್ಲ ಪಕ್ಕಕ್ಕೆ. ಡಾಕ್ಟರಿಗೆ ತೋರಿಸಲು ವಿಡಿಯೊ ಬೇಕೆಂದು ನನ್ನನ್ನು ಕೂಗುತ್ತಾಳೆ. "ಮಕಾ ಅಷ್ಟ ಹಿಡೀಬ್ಯಾಡ, ಕೈಕಾಲೂ ಬರ್ಲಿ. ನೆಟ್ಟಗ ನಿಂದ್ರು ತಮ್ಮಾ, ಕೂಸಿನಕಿಂತ ನೀನ ಹೆಚ್ಚು ಅಲುಗ್ಯಾಡ್ತಿ!"