ಒಣಗಲಿಟ್ಟವರ ಒಡೆತನ: ಪೀಣ್ಯದ ಒಂದು ಮನೆಶೆಡ್ಡಿನ ಶಾಸ್ತ್ರೀಯ ಅಧ್ಯಯನ

ಸೂತ್ರ: ಮೊದಲೊಳಿಟ್ಟಂಗೆ ಮೇಜು, ಒಣಗಲಿಟ್ಟಂಗೆ ಮನೆಯೆಲ್ಲಂ.

ವೃತ್ತಿ: ಒಂದೇ ಶೆಡ್ಡಿನಲ್ಲಿ ಹಲವರು ಹಲವು ಹವ್ಯಾಸ ನಡೆಸುವಾಗ, ಮೇಜಿನ ಮೇಲೆ ಯಾರು ಮೊದಲು ಸಾಮಾನು ಹರಡಿದರೋ ಅವರಿಗೆ ಮೇಜು ಸಲ್ಲುತ್ತದೆ. ಏನನ್ನಾದರೂ ಒಣಗಲು ಇಟ್ಟವರಿಗೆ ಮಾತ್ರ ಮೇಜು, ಮೇಲಿನ ಫ್ಯಾನು, ಪಕ್ಕದ ಕಿಟಕಿ, ಬಾಗಿಲು ತೆಗೆಯುವ ಹಾಕುವ ಅಧಿಕಾರ ಸಕಲವೂ ಸಲ್ಲುತ್ತದೆ.

ಪ್ರಯೋಗ: “ಏಯ್, ಮುಟ್ಬೇಡ! ಒಣಗ್ತಾ ಇದೆ.”

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಸೂತ್ರ, ವೃತ್ತಿ, ಪ್ರಯೋಗಗಳ ಕ್ರಮದಲ್ಲಿ ರಚಿಸಿದನು. ಅವನ ಕಾಲಕ್ಕೆ ಫೆವಿಕಾಲ್ ಇರಲಿಲ್ಲವಾದ್ದರಿಂದ ಮೇಲಿನ ಸೂತ್ರ ಆ ಗ್ರಂಥದಲ್ಲಿ ದೊರೆಯದು. ಆ ಕೊರತೆಯನ್ನು ತುಂಬುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಕ್ಷೇತ್ರ ಪರಿಚಯ

ಅಧ್ಯಯನಕ್ಕೆ ಆಯ್ದುಕೊಂಡದ್ದು ಪೀಣ್ಯದ ಪಕ್ಕ ಚೊಕ್ಕಸಂದ್ರದ ಕಡೆಗಿರುವ ಮೂವತ್ತು-ನಲವತ್ತರ ಸೈಟಿನ ಕೆಳ ಅಂತಸ್ತು. ಹಿಂದೆ ಇಲ್ಲಿ ಬಾಡಿಗೆಗೆ ಒಂದು ಲೇತ್ ಇತ್ತು, ಜಾಬ್ ವರ್ಕ್ ನಡೆಯುತ್ತಿತ್ತು. ಬಾಡಿಗೆದಾರರು ಲೇತನ್ನು ಎತ್ತಿಕೊಂಡು ಹೋದರು, ಅದನ್ನು ನಿಲ್ಲಿಸಿದ್ದ ಬೋಲ್ಟುಗಳನ್ನು ಕಾಂಕ್ರೀಟಿನಲ್ಲೇ ಬಿಟ್ಟರು. ನೆಲದಿಂದ ಮೂಡಿ ನಿಂತ ಈ ಬೋಲ್ಟುಗಳನ್ನು ಕುಟುಂಬದ ಸದಸ್ಯರು ಸರದಿಯಂತೆ ಎಡವಿ ಪರಿಶೀಲಿಸುತ್ತಾರೆ. ಕೂಲಂಟ್ ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ. ತ್ರೀ ಫೇಸ್ ಕರೆಂಟಿನ ವೈರಿಂಗ್ ಕೂಡ ಉಳಿದಿದೆ, ಅದೇ ಎಲ್ಲ ಅನರ್ಥಕ್ಕೂ ಮೂಲ.

ನಿವಾಸಿಗಳು ಹೀಗೆ. ಮಾವನವರು ನಿವೃತ್ತರು, ಹಳೆಯ ಕೈಗಡಿಯಾರ ರಿಪೇರಿ ಮಾಡುತ್ತಾರೆ. ಅತ್ತೆಯವರು ಮೈಸೂರು ಶೈಲಿಯ ಚಿತ್ರ ಬರೆಯುತ್ತಾರೆ. ಬಾಮೈದ ಮರಗೆಲಸದವನು, ಅಂದರೆ ಭಾನುವಾರಗಳಲ್ಲಿ. ಮಿಕ್ಕ ದಿನ ಅವನು ಸಾಫ್ಟ್‌ವೇರಿನವನು. ಮಗಳಿಗೆ ಎಲೆಕ್ಟ್ರಾನಿಕ್ಸು. ಅಳಿಯನಾದ ಪ್ರಬಂಧಕಾರನದು ಮೂಲೆಯಲ್ಲಿ ತಲೆಕೆಳಗಾಗಿ ನಿಂತ ಒಂದು ಸೈಕಲ್ಲು; ಅದನ್ನು ಹವ್ಯಾಸವೆನ್ನಬೇಕೋ ಅಡ್ಡಿಯೆನ್ನಬೇಕೋ ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ.

ಇಂಥ ಮನೆಗಳು ಈ ಭಾಗದಲ್ಲೇ ಯಾಕೆ ಹೆಚ್ಚು ಎಂಬ ಪ್ರಶ್ನೆಗೆ ಭೂಗೋಳವೇ ಉತ್ತರ. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್ ಬಂತು, ಅರವತ್ತರ ದಶಕದ ಆರಂಭದಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ವಾಚು ತಯಾರಿಕೆ ಶುರುವಾಯಿತು. ಎಪ್ಪತ್ತರ ದಶಕದಲ್ಲಿ ಪಕ್ಕದ ಪೀಣ್ಯ ಕೈಗಾರಿಕಾ ಪ್ರದೇಶವಾಯಿತು. ಹೀಗೆ ಕಿಲೋಮೀಟರುಗಟ್ಟಲೆ ಜಾಗದಲ್ಲಿ ಕೈ ಸುಮ್ಮನಿರದ ಜನ ತುಂಬಿಕೊಂಡರು. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಒಪ್ಪಿಗೆ ಕೊಟ್ಟಿತು; ಕಂಪನಿ ಮುಚ್ಚಿದ ಮಾತ್ರಕ್ಕೆ ವಾಚುಗಳು ಕೆಡುವುದು ನಿಲ್ಲಲಿಲ್ಲ. ನಂಟರು, ನೆರೆಯವರು, ಒಮ್ಮೆ ಮದುವೆಮನೆಯಲ್ಲಿ ಪರಿಚಯವಾದವರು, ಎಲ್ಲರೂ ತಂತಮ್ಮ ತಂದೆಯ ‘ಜನತಾ’ವನ್ನು ಕರ್ಚೀಫಿನಲ್ಲಿ ಸುತ್ತಿ ತಂದು ಮಾವನವರ ಕೈಯಲ್ಲಿಡುತ್ತಾರೆ.

ಸ್ತರವಿನ್ಯಾಸ

1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ಕಲ್ಲುಕೊಡಲಿಯವರು, ಬೃಹತ್‌ಶಿಲಾ ಸಮಾಧಿಯವರು, ಅವರ ಮೇಲೆ ಆಂಧ್ರರು ಎಂದು ಪದರ ಪದರವಾಗಿ ಗುರುತಿಸಿದರು. ಅದೇ ವಿಧಾನದಿಂದ ಈ ಶೆಡ್ಡಿನ ಮೇಜನ್ನು ಪುಟ್ಟಿ ಬ್ಲೇಡಿನಿಂದ ಕೆರೆಯಲಾಯಿತು. ಮೇಲ್ಪದರದಲ್ಲಿ ಮರದ ಪುಡಿ. ಅದರಡಿ ಸೀಸದ ಹನಿಗಳು, ವೈರಿನ ಸಿಪ್ಪೆ. ಮೂರನೆಯದರಲ್ಲಿ ಬಿಳಿ ಸಫೇದದ ತೊಟ್ಟುಗಳು. ಅದರಡಿ ಹಿತ್ತಾಳೆಯ ಚೂರು, ವಾಚಿನ ಎಣ್ಣೆ. ತಳದಲ್ಲಿ ಎರಕದ ಕಬ್ಬಿಣದ ಕಪ್ಪು, ಅದೇ ಲೇತ್ ಯುಗ. ಮೂರನೆಯ ಪದರದಲ್ಲಿ ಹೊಳೆಯುವ ಒಂದು ಚೂರು ಸಿಕ್ಕಿತು. ಅತ್ತೆಯವರ ಚಿನ್ನದ ರೇಕು. ಅದನ್ನೇ ಆಧರಿಸಿ ಅವರು ತಮ್ಮ ಕಾಲವನ್ನು ಸುವರ್ಣಯುಗವೆಂದು ಕರೆದುಕೊಂಡಿದ್ದಾರೆ. ಇತರರಿಗೆ ಇದು ಒಪ್ಪಿಗೆಯಿಲ್ಲ.

ಪೂರ್ವದ ಗೋಡೆಯಲ್ಲಿ ಸೀಮೆಸುಣ್ಣದ ಒಂದು ಶಾಸನವಿದೆ. ಲಿಪಿ ಕನ್ನಡ, ಕೈಬರಹ ಮಾವನವರದು: “ಸ್ವಸ್ತಿ. ಈ ಹತ್ತು-ಹನ್ನೊಂದರ ಸ್ಪ್ಯಾನರಂ ಕೊಂಡವಂ ಮರಳಿ ಈ ಮೊಳೆಗೇ ತಗುಳ್ಚುವುದು. ಇದನಳಿದವಂ ಜಾಲಹಳ್ಳಿ ಕ್ರಾಸಿನೊಳ್ ಸಂಜೆ ಆರು ಗಂಟೆಗೆ ಸಿಗ್ನಲ್ಲಿಗೆ ನಿಂದ ಪಾಪಕ್ಕೆ ಪೋಕುಂ.” ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕಾದ ಸಂಪುಟಗಳಲ್ಲಿ ಶಾಪವಾಕ್ಯಗಳಿಗೆ ಕೊರತೆಯಿಲ್ಲ, ಅಲ್ಲಿಯಂತೆ ಇಲ್ಲಿಯೂ ಶಾಪ ಉಳಿದಿದೆ, ದತ್ತಿ ಕೊಟ್ಟ ವಸ್ತು ಕಾಣೆಯಾಗಿದೆ.

ಇದೇ ಗೋಡೆಯಲ್ಲಿ ಜಪಾನೀ ಪ್ರಭಾವವೂ ಉಂಟು. ಪೀಣ್ಯದ ಕಾರ್ಖಾನೆಗಳಲ್ಲಿ 5ಎಸ್ ಎಂಬ ಅಚ್ಚುಕಟ್ಟಿನ ವಿಧಿಯನ್ನು ಬಹುತೇಕ ದೀಕ್ಷೆಯಂತೆ ಕೊಡುತ್ತಾರೆ: ಬೇಡದ್ದನ್ನು ತೆಗೆ, ಬೇಕಾದ್ದಕ್ಕೆ ಜಾಗ ಗೊತ್ತುಮಾಡು, ಗುಡಿಸು, ಎಲ್ಲಕ್ಕೂ ಒಂದೇ ಕ್ರಮ ಹಾಕು, ಅದನ್ನೇ ರೂಢಿ ಮಾಡು. ಮಾವನವರು ಪ್ಲೈವುಡ್ಡಿನ ಹಲಗೆ ಹೊಡೆದು ಪ್ರತಿ ಉಪಕರಣದ ಆಕಾರವನ್ನು ಹಳದಿ ಬಣ್ಣದಲ್ಲಿ ಬರೆದರು, ಖಾಲಿ ಆಕಾರ ಕಂಡರೆ ಯಾವುದು ಕಾಣೆಯಾಗಿದೆಯೆಂದು ತಕ್ಷಣ ತಿಳಿಯಬೇಕು. ಖಾಲಿ ಆಕಾರ ಇಂದಿಗೂ ಕಾಣುವುದಿಲ್ಲ. ಸುತ್ತಿಗೆಯ ನೆರಳಲ್ಲಿ ಲಟ್ಟಣಿಗೆ ನೇತಾಡುತ್ತಿದೆ, ಕಟಿಂಗ್ ಪ್ಲೇಯರಿನ ನೆರಳಲ್ಲಿ ಅಡಕತ್ತರಿ.

ಫ್ಯಾನ್ ಪ್ರಕರಣ

ಮೈಸೂರು ಶೈಲಿಯ ಚಿತ್ರಕ್ಕೆ ದೊಡ್ಡ ಪೋಷಣೆ ಕೊಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ ಆಸ್ಥಾನದ ಕಲಾವಿದರಿಗೆ ಒಂದು ಸೌಕರ್ಯವಿತ್ತು: ಪಕ್ಕದಲ್ಲಿ ಕೂತು ಯಾರೂ ಸೋಲ್ಡರಿಂಗ್ ಮಾಡುತ್ತಿರಲಿಲ್ಲ. ಸಫೇದದ ಪುಡಿಯನ್ನು ಗೋಂದಿನಲ್ಲಿ ಕಲಸಿ, ದೇವಿಯ ಕಿರೀಟ, ಒಡ್ಯಾಣ, ಸಿಂಹಾಸನದ ಅಂಚುಗಳಲ್ಲಿ ಉಬ್ಬಾಗಿ ಬರೆದು, ಅದು ಒಣಗಿದ ಮೇಲೆ ಚಿನ್ನದ ರೇಕನ್ನು ಕೂರಿಸಿ, ತೆಳುಕಾಗದ ಮುಚ್ಚಿ ನಯವಾದ ಕಲ್ಲಿನಿಂದ ಉಜ್ಜಬೇಕು. ರೇಕು ಎಷ್ಟು ತೆಳು ಎಂದರೆ ಕೈಯಲ್ಲಿ ಹಿಡಿದರೆ ಬೆರಳಿಗೇ ಅಂಟುತ್ತದೆ, ಉಸಿರು ಬಿಟ್ಟರೆ ಹಾರುತ್ತದೆ. ಆದ್ದರಿಂದ ಅತ್ತೆಯವರ ಶಾಸ್ತ್ರದಲ್ಲಿ ಫ್ಯಾನು ಆಫ್.

ಸೋಲ್ಡರಿಂಗಿನಲ್ಲಿ ಸೀಸದ ಜೊತೆಗಿರುವ ರೋಸಿನ್ ಸುಟ್ಟು ಹೊಗೆ ಬರುತ್ತದೆ, ಅದು ಗಂಟಲಿಗೆ ಒಳ್ಳೆಯದಲ್ಲ. ಆದ್ದರಿಂದ ಮಗಳ ಶಾಸ್ತ್ರದಲ್ಲಿ ಫ್ಯಾನು ಆನ್, ಕಿಟಕಿಯೂ ತೆಗೆದಿರಬೇಕು. ಬಾಮೈದನ ಶಾಸ್ತ್ರದಲ್ಲಿ ಫ್ಯಾನು ಆನಾದರೂ ಸರಿ, ಆಫಾದರೂ ಸರಿ, ಅವನ ಗರಗಸದ ಪುಡಿ ಹೇಗೂ ಎಲ್ಲೆಡೆ ವ್ಯಾಪಿಸುತ್ತದೆ. ಮಾವನವರ ಶಾಸ್ತ್ರದಲ್ಲಿ ಶೆಡ್ಡಿನಲ್ಲಿ ಬೇರೆ ಯಾರೂ ಇರಬಾರದು.

“ಅಜ್ಜೀ, ಎರಡೇ ಎರಡು ಕಾಲು ಸೋಲ್ಡರ್ ಮಾಡ್ಬೇಕು, ಫ್ಯಾನ್ ಹಾಕ್ಲಾ?”

“ಲಕ್ಷ್ಮೀಗೆ ಇನ್ನೂ ಬಳೆ ತೊಡಿಸಿಲ್ಲ ಕಣೇ. ತಡಿ.”

ಲಕ್ಷ್ಮಿಗೆ ಬಳೆ ತೊಡಿಸಿದ ಮೇಲೆ ಡಾಬು ಉಳಿದಿರುತ್ತದೆ, ಡಾಬಾದ ಮೇಲೆ ಪ್ರಭಾವಳಿ. ಹಗಲೆಲ್ಲ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ನಡೆಯುವ ಊರಿನಲ್ಲಿ “ತಡಿ” ಎಂಬ ಕಾಲಮಾನಕ್ಕೆ ಈವರೆಗೆ ಯಾರೂ ಗೇಜ್ ಮಾಡಿಲ್ಲ.

ಅಯಸ್ಕಾಂತದ್ದು ಇನ್ನೂ ಸೂಕ್ಷ್ಮ ಪ್ರಕರಣ. ಒಂದು ಸಂಜೆ ಮಾವನವರ ಚಿಮುಟದಿಂದ ಎಳ್ಳಿಗಿಂತ ಸಣ್ಣ ಸ್ಕ್ರೂ ಜಿಗಿಯಿತು. ನೆರವಿಗೆ ಬಂದ ಬಾಮೈದ ಹಳೆಯ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ನೆಲದುದ್ದಕ್ಕೂ ಎಳೆದ. ಲೇತ್ ಯುಗದ ಸುರುಳಿ ಚೂರು, ಮೊಳೆ, ಗುಂಡುಪಿನ್ನು, ಒಂದು ಬಾಟಲಿಯ ಮುಚ್ಚಳ, ಕೊನೆಗೆ ಸ್ಕ್ರೂ ಎಲ್ಲ ಬಂದವು. ಸಂತೋಷದಲ್ಲಿ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟ, ಬಿಚ್ಚಿದ ವಾಚಿನ ಪಕ್ಕಕ್ಕೇ. ವಾಚಿನ ಹೇರ್‌ಸ್ಪ್ರಿಂಗ್ ಅಯಸ್ಕಾಂತೀಯವಾದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗ್ ಗಿಡ್ಡಾದಂತಾಗಿ ವಾಚು ನಾಗಾಲೋಟ ಹೊಡೆಯುತ್ತದೆ. ಆ ವಾಚಿನ ಒಡೆಯರು ಈಗ ಎಲ್ಲ ಮದುವೆಗಳಿಗೂ ನಾಂದಿಗೇ ಬರುತ್ತಿದ್ದಾರೆಂದು ಕೇಳಿದ್ದೇವೆ.

ಪೂರ್ವಪಕ್ಷ ಮತ್ತು ಖಂಡನೆ

ಪೂರ್ವಪಕ್ಷಿಗಳ ವಾದ ಹೀಗಿದೆ: ಒಂದೇ ಶೆಡ್ಡಿನಲ್ಲಿ ಹಲವು ಕೆಲಸ ನಡೆಯದೆಂದರೆ ಆರ್ಯಭಟ ಆದದ್ದು ಹೇಗೆ? ಭಾರತದ ಮೊದಲ ಉಪಗ್ರಹವನ್ನು ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ ಕಟ್ಟಿದ್ದು ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಇಪ್ಪತ್ತಾರು ಮುಖಗಳ, 360 ಕಿಲೋ ತೂಕದ ಆ ಪೆಟ್ಟಿಗೆಯೊಳಗೆ ಎಕ್ಸ್-ರೇ ಖಗೋಳ, ಸೂರ್ಯನ ನ್ಯೂಟ್ರಾನು-ಗಾಮಾ ಕಿರಣ, ಮೇಲ್ವಾತಾವರಣ ಎಂದು ಮೂರು ಪ್ರಯೋಗಗಳು ಜಾಗ ಹಂಚಿಕೊಂಡಿದ್ದವು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಮೇಲೆ ಒಯ್ದಿತು. ದತ್ತಾಂಶ ಸ್ವೀಕರಿಸಲು ಜಾಗ ಸಾಲದೆ ಬೆಂಗಳೂರಿನಲ್ಲಿ ಒಂದು ಶೌಚಾಲಯವನ್ನೇ ಕೇಂದ್ರವಾಗಿ ಮಾರ್ಪಡಿಸಿದರು. (ಈ ಕೊನೆಯ ನಿದರ್ಶನವನ್ನು ಮುಂದಿಟ್ಟು ಬಾಮೈದ ಶೆಡ್ಡಿನ ಶೌಚಾಲಯವನ್ನು ಸ್ಪ್ರೇ ಪೇಂಟಿನ ಕೋಣೆ ಮಾಡಲು ಮನವಿ ಸಲ್ಲಿಸಿದ್ದ. ಮಾವನವರು ವಯಸ್ಸಿನ ಕಾರಣ ಮುಂದಿಟ್ಟು ತಳ್ಳಿಹಾಕಿದರು.)

ಖಂಡನೆ: ಮೂರು ಪ್ರಯೋಗಕ್ಕೂ ಕರೆಂಟು ಕೊಡುತ್ತಿದ್ದ ವ್ಯವಸ್ಥೆ ಕೆಲವೇ ದಿನಗಳಲ್ಲಿ ಕೈಕೊಟ್ಟು ಪ್ರಯೋಗಗಳು ನಿಂತವು, ಉಪಗ್ರಹ ಮಾತ್ರ ಮುಂದೆಯೂ ಕೆಲಸ ಮಾಡುತ್ತಿತ್ತು. ನಮ್ಮಲ್ಲೂ ಗರಗಸ, ಇಸ್ತ್ರಿಪೆಟ್ಟಿಗೆ, ಸೋಲ್ಡರಿಂಗ್ ಕಡ್ಡಿ ಒಟ್ಟಿಗೆ ಹಾಕಿದರೆ ಎಂಸಿಬಿ ಬೀಳುತ್ತದೆ, ಜಗಳ ಮುಂದುವರಿಯುತ್ತದೆ. ಇಷ್ಟರಮಟ್ಟಿಗೆ ಹೋಲಿಕೆ ಒಪ್ಪೋಣ. ಆದರೆ ಆರ್ಯಭಟಕ್ಕೆ ಉಡಾವಣೆಯ ತಾರೀಖು ಒಂದಿತ್ತು. ಅಂದು ಎಲ್ಲವೂ ಶೆಡ್ಡು ಬಿಟ್ಟು ಹೊರಡಲೇಬೇಕು. ಹವ್ಯಾಸಕ್ಕೆ ಉಡಾವಣೆಯಿಲ್ಲ. ಬಾಮೈದನ ಟೀಪಾಯಿ ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದಕ್ಕೆ ಕಾಯುತ್ತಿರುವುದು ಜಾಗದ ಅಭಾವದಿಂದಲ್ಲ. ಅದು ಬೇಗ ಮುಗಿಯಲಿ ಎಂದು ಕಾಯುವವರು ಈ ಲೋಕದಲ್ಲಿ ಯಾರೂ ಇಲ್ಲದ್ದರಿಂದ. ಅರ್ಧಕ್ಕೆ ನಿಂತ ಕೆಲಸವೆಲ್ಲ, ಕೇಳಿದರೆ, ಒಣಗುತ್ತಿರುತ್ತದೆ. ನಿಜವಾಗಿ ಒಣಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಬೇಕಾದರೆ ಮುಟ್ಟಬೇಕು, ಮುಟ್ಟುವಂತಿಲ್ಲ. ಹೀಗಾಗಿ ಈ ಹಕ್ಕು ತರ್ಕಕ್ಕೆ ಅಭೇದ್ಯ.

ಋತುಗಳ ಪ್ರಭಾವವನ್ನೂ ಗಮನಿಸಬೇಕು. ಏಪ್ರಿಲ್ ಬಿಸಿಲಿನಲ್ಲಿ ಬೇಗ ಒಣಗುವ ವಾರ್ನಿಷ್ ಆಷಾಢದ ಜಡಿಯಲ್ಲಿ ಅಂಟಂಟಾಗಿಯೇ ಇರುತ್ತದೆ. ಗೌರಿ-ಗಣೇಶ ಹತ್ತಿರವಾದಂತೆ ನನ್ನ ಹೆಂಡತಿ ಜೇಡಿಮಣ್ಣಿನ ಗಣಪನನ್ನು ಮಾಡಿ ತಂದಿಡುತ್ತಾಳೆ. ಹಸಿ ಮಣ್ಣನ್ನು ಬೇಗ ಒಣಗಿಸಿದರೆ ಸೊಂಡಿಲು ಬಿರುಕು ಬಿಡುತ್ತದೆ, ಒದ್ದೆಬಟ್ಟೆ ಮುಚ್ಚಿ ನಿಧಾನವಾಗಿಯೇ ಆರಿಸಬೇಕು. ಆ ವಾರ ಮೇಜಿನ ಮೇಲಿನ ಹಕ್ಕಿನ ವಿಚಾರದಲ್ಲಿ ಯಾರೂ ತುಟಿ ಬಿಚ್ಚುವುದಿಲ್ಲ. ಎದುರುಪಕ್ಷದವರು ದೇವರು.

ಒಂದು ಅಪವಾದವನ್ನು ಮಾತ್ರ ಹಾಸ್ಯಕ್ಕೆ ಎಳೆಯಬಾರದು. ಮರಕ್ಕೆ ಅಗಸೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ, ಎಣ್ಣೆ ಒಣಗುವಾಗ ಹುಟ್ಟುವ ಶಾಖ ಒಳಗೇ ಉಳಿದು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಅದನ್ನು ಬಿಡಿಸಿ ಹೊರಗೆ ಹಗ್ಗಕ್ಕೆ ಹರವಬೇಕು. ಸೂತ್ರದ ‘ಮನೆಯೆಲ್ಲಂ’ ಎಂಬ ಪದವನ್ನು ಅಕ್ಷರಶಃ ಓದಬೇಕಾದ ಸಂದರ್ಭ ಇದೊಂದೇ.

ಆಯುಧಪೂಜಾ ಖಂಡ

ವರ್ಷಕ್ಕೊಮ್ಮೆ ಮೇಜಿನ ಹಲಗೆ ಕಣ್ಣಿಗೆ ಬೀಳುವ ದಿನ ಆಯುಧಪೂಜೆ. ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರ ತೊಳೆದು, ಬಾಳೆಕಂದು ಕಟ್ಟಿ, ಬಾಗಿಲಲ್ಲಿ ಬೂದುಗುಂಬಳ ಒಡೆಯುವ ಹೊತ್ತಿಗೆ ನಮ್ಮ ಶೆಡ್ಡಿನಲ್ಲೂ ಲೆಕ್ಕತಪಾಸಣೆ ಶುರುವಾಗುತ್ತದೆ. ಥಿನ್ನರ್ ಬಾಟಲಿಯನ್ನು ಕರ್ಪೂರದಿಂದ ದೂರ ಸರಿಸುವುದು ಮೊದಲ ಶಾಸ್ತ್ರ. ಆಮೇಲೆ ಎಲ್ಲವನ್ನೂ ಒಂದೇ ಚಾಪೆಯ ಮೇಲೆ ಹರಡುತ್ತಾರೆ. ಮನೆಗೆ ಹನ್ನೆರಡು-ಹದಿಮೂರರ ಸ್ಪ್ಯಾನರ್ ಐದು ಇವೆಯೆಂದೂ ಹತ್ತು-ಹನ್ನೊಂದರದು ಒಂದೂ ಇಲ್ಲವೆಂದೂ ತಿಳಿಯುವುದು ಆಗಲೇ. ಕುಂಕುಮ ಇಟ್ಟ ಮೇಲೆ ಮರುದಿನದ ತನಕ ಯಾರೂ ಏನನ್ನೂ ಮುಟ್ಟುವಂತಿಲ್ಲ. ಒಂದು ರಾತ್ರಿಯ ಮಟ್ಟಿಗೆ ಎಲ್ಲರ ಹಕ್ಕೂ ಸಮ.

“ಈ ಉಳಿ ಯಾರದು?” ಎಂದು ಅತ್ತೆ ಕೇಳಿದರು.

“ನಂದೇ, ಅಮ್ಮ,” ಎಂದ ಬಾಮೈದ.

“ನೋಡೋ, ಇದರ ಬೆನ್ನಲ್ಲಿ ನನ್ನ ಬಿಳಿ ಬಣ್ಣ ಇದೆ.”

“ಹಿಡೀಲಿ ನಂದೊಂದು ವಾಚಿನ ಗ್ಲಾಸ್ ಅಂಟಿಕೊಂಡಿದೆಯಲ್ಲ, ಅದನ್ನ ಮೊದಲು ಕೊಡಿ,” ಎಂದರು ಮಾವ.

ಅನುಬಂಧ

ಪ್ರಬಂಧ ಮುಗಿಯುವ ಹೊತ್ತಿಗೆ ಸಿದ್ಧಾಂತಕ್ಕೆ ಧಕ್ಕೆ ತರುವ ಒಂದು ಬೆಳವಣಿಗೆ ನಡೆದಿದೆ. ಮಗಳು 3ಡಿ ಪ್ರಿಂಟರ್ ತಂದಿದ್ದಾಳೆ. ಅದರಲ್ಲಿ ಪ್ಲಾಸ್ಟಿಕ್ಕು ಕರಗಿ ಬಂದು ಅಲ್ಲೇ ಗಟ್ಟಿಯಾಗುತ್ತದೆ, ಒಣಗುವ ಮಾತೇ ಇಲ್ಲ. ಹಾಗಾಗಿ ಸೂತ್ರದ ಪ್ರಕಾರ ಅವಳಿಗೆ ಮೇಜಿನ ಮೇಲೆ ಯಾವ ಹಕ್ಕೂ ಇಲ್ಲವೆಂದು ಬಾಮೈದ ವಾದಿಸಿದ.

“ಮಾಮಾ, ಪ್ರಿಂಟ್ ಓಡ್ತಾ ಇದೆ, ಟೇಬಲ್ ಅಲ್ಲಾಡಿಸ್ಬೇಡ. ಬೆಳಗಿನ ತನಕ.”

ಗರಗಸ ನಿಂತಿತು. ಅತ್ತೆಯವರು ಚಿನ್ನದ ರೇಕು ಮುಚ್ಚಿಟ್ಟರು. ಮಾವನವರು ಲೆನ್ಸ್ ಕಣ್ಣಿಂದ ತೆಗೆದು, ಇದಕ್ಕೆ ಪ್ರತ್ಯೇಕ ಸೂತ್ರ ಬೇಕಾಗಬಹುದು ನೋಡಿ ಅಳಿಯಂದ್ರೇ, ಎಂದರು. ಬೆಳಗ್ಗೆ ಹೋಗಿ ನೋಡಿದರೆ ಪ್ರಿಂಟರಿನಿಂದ ಹೊರಬಂದದ್ದು ಅಂಗೈಯಗಲದ ಒಂದು ಫಲಕ, ಉಬ್ಬಕ್ಷರದಲ್ಲಿ ‘ಇಲ್ಲಿ ಏನೂ ಇಡಬೇಡಿ’ ಎಂದಿತ್ತು. ಅಜ್ಜಿಯಿಂದ ಕೆಂಪು ಬಣ್ಣ ಇಸಿದುಕೊಂಡು ಅಕ್ಷರಗಳಿಗೆ ಹಚ್ಚಿ, ಮೇಜಿನ ಸರಿಯಾಗಿ ನಡುವೆ ಇಟ್ಟಿದ್ದಾಳೆ. ಒಣಗುತ್ತಿದೆಯಂತೆ.