ಐದನೇ ಸಂಶೋಧಕರ ಸೀಟು ಖಾಲಿ ಇದೆ

ಕಳೆದ ವಾರ ವಾಟ್ಸಾಪ್‌ಗೆ ಒಂದು ಸಂದೇಶ ಬಂತು. ಪೇಟೆಂಟ್ ಅರ್ಜಿಯೊಂದು ರೆಡಿ ಇದೆಯಂತೆ. ಮೊದಲ ನಾಲ್ಕು ಸಂಶೋಧಕರ ಸ್ಥಾನ ಭರ್ತಿ. ಐದರಿಂದ ಎಂಟು ಖಾಲಿ. ಮುಂದಿನ ಸೀಟಿಗೆ ರೇಟು ಜಾಸ್ತಿ, ಹಿಂದಿನದಕ್ಕೆ ಕಮ್ಮಿ. ಥೇಟ್ ಊರಿಗೆ ಹೋಗುವ ಸ್ಲೀಪರ್ ಬಸ್ಸು. ಶುಕ್ರವಾರದೊಳಗೆ ದುಡ್ಡು ಹಾಕಿದರೆ ನಾನೂ ಸಂಶೋಧಕ.

ನಾನು ಸಂಶೋಧಿಸಿದ್ದು ಏನು ಅಂತ ಕೇಳಿದೆ. ‘ಟೈಟಲ್ ಆಮೇಲೆ ಕಳಿಸ್ತೀವಿ ಸರ್’ ಎಂಬ ಉತ್ತರ ಬಂತು.

ಸಂದೇಶ ಬಂದ ಆ ವಾಟ್ಸಾಪ್ ಗುಂಪಿಗೆ ನನ್ನನ್ನು ಸೇರಿಸಿದವನು ನನ್ನ ಗೆಳೆಯ. ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೇಷ್ಟ್ರು. ತನ್ನ ಹೆಸರಿನಲ್ಲಿ ಹನ್ನೊಂದು ಪೇಟೆಂಟ್ ಇವೆ ಅಂತ ಹೇಳಿಕೊಳ್ಳುತ್ತಾನೆ. ಸ್ಮಾರ್ಟ್ ಕಸದ ಬುಟ್ಟಿ, ಸ್ಮಾರ್ಟ್ ಕೋಲು, ಸ್ಮಾರ್ಟ್ ಹೆಲ್ಮೆಟ್. ಅವನ ಕಾಲೇಜಿನ ಕಸದ ಬುಟ್ಟಿ ಮಾತ್ರ ಇನ್ನೂ ದಡ್ಡ. ತುಂಬಿ ಚೆಲ್ಲಿದರೂ ಅದಕ್ಕೆ ಗೊತ್ತಾಗುವುದಿಲ್ಲ.

ಹನ್ನೊಂದರಲ್ಲಿ ಹತ್ತು ‘ಪ್ರಕಟ’ ಆದವು, ಅಷ್ಟೇ. ಪ್ರಕಟಣೆ ಎಂದರೆ ಏನು ಗೊತ್ತೆ? ಅರ್ಜಿ ಹಾಕಿದ 18 ತಿಂಗಳಿಗೆ ಅದು ತಾನಾಗಿಯೇ ಪೇಟೆಂಟ್ ಜರ್ನಲ್‌ನಲ್ಲಿ ಬರುತ್ತದೆ. ಹೆಚ್ಚಿನ ಶುಲ್ಕ ಕಟ್ಟಿದರೆ ಬೇಗ ಬರುತ್ತದೆ. ಜರ್ನಲ್ ಪ್ರತಿ ಶುಕ್ರವಾರ ಹೊರಡುತ್ತದೆ, ಸಿನಿಮಾದ ಹಾಗೆ. ಅದರಲ್ಲಿ ಹೆಸರು ಬಂದವನಿಗೆಲ್ಲ ಪೇಟೆಂಟ್ ಸಿಕ್ಕಿತು ಎನ್ನುವುದಾದರೆ, ಮತದಾರರ ಪಟ್ಟಿಯಲ್ಲಿ ಹೆಸರಿರುವ ನಾವೆಲ್ಲ ಶಾಸಕರೇ.

ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಕಾಲೇಜುಗಳಿಗೆ ರ್‍ಯಾಂಕ್ ಕೊಡುವ ಎನ್‌ಐಆರ್‌ಎಫ್ ಪೇಟೆಂಟ್‌ಗಳನ್ನು ಎಣಿಸುತ್ತದೆ. ಸಿಕ್ಕಿದ್ದನ್ನೂ ಎಣಿಸುತ್ತದೆ, ಬರೀ ಪ್ರಕಟವಾದದ್ದನ್ನೂ ಎಣಿಸುತ್ತದೆ. 2021ರಲ್ಲಿ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80 ರಿಯಾಯಿತಿ ಕೊಟ್ಟಿತು. 8,000 ರೂಪಾಯಿಯ ಅರ್ಜಿ 1,600ಕ್ಕೆ ಇಳಿಯಿತು. ಆಷಾಢದ ಸೀರೆ ಅಂಗಡಿಯಲ್ಲೂ ಇಷ್ಟು ಬಿಡುವುದಿಲ್ಲ. ಜನ ಮುಗಿಬಿದ್ದರು. 2024ರ ಮಾರ್ಚ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಎದೆಯುಬ್ಬಿಸಿ ಹೇಳಿತು: ಒಂದೇ ವರ್ಷದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಪೇಟೆಂಟ್ ಕೊಟ್ಟಿದ್ದೇವೆ! ಅದರಲ್ಲಿ ಎಷ್ಟು ಅಂಗಡಿಗೆ ಬಂದವು ಅಂತ ಯಾರೂ ಎದೆಯುಬ್ಬಿಸಲಿಲ್ಲ.

ಇನ್ನೂ ಅವಸರ ಇದ್ದವರಿಗೆ ಬ್ರಿಟನ್ ಇದೆ. ಅಲ್ಲಿ ವಸ್ತುವಿನ ವಿನ್ಯಾಸ ನೋಂದಾಯಿಸಬಹುದು. ಅದು ಹೊಸದೋ ಹಳೆಯದೋ ಎಂದು ಆ ಕಚೇರಿ ಹುಡುಕಲು ಹೋಗುವುದಿಲ್ಲ. ಅಲ್ಲಿಂದ ಬಂದ ಸರ್ಟಿಫಿಕೇಟನ್ನು ಇಲ್ಲಿ ‘ಅಂತಾರಾಷ್ಟ್ರೀಯ ಪೇಟೆಂಟ್’ ಎಂದು ಫ್ಲೆಕ್ಸ್ ಮಾಡಿಸುತ್ತಾರೆ. ಅಂಥದ್ದೊಂದು ಪೇಟೆಂಟ್ ಭೂಮಿಯ ಮೇಲೇ ಇಲ್ಲ. ಪೇಟೆಂಟ್ ಆಯಾ ದೇಶಕ್ಕೆ ಆಯಾ ದೇಶದ್ದು. ಇರಲಿ, ಫ್ಲೆಕ್ಸ್ ಅಂಗಡಿಯವನಿಗಾದರೂ ವ್ಯಾಪಾರ ಆಯಿತಲ್ಲ.

ಈಗ ನಿಜವಾಗಿ ಏನಾದರೂ ಮಾಡಿದವನ ಕಥೆ ಕೇಳಿ.

ನಮ್ಮೂರ ಕಡೆ ವೆಲ್ಡಿಂಗ್ ಅಂಗಡಿ ಇಟ್ಟವರೊಬ್ಬರು ಕಾಳುಮೆಣಸು ಬಿಡಿಸುವ ಯಂತ್ರ ಮಾಡಿದರು. ಹಳೇ ವಾಷಿಂಗ್ ಮೆಷಿನ್ನಿನ ಮೋಟಾರು, ತಗಡಿನ ಡ್ರಮ್ಮು, ಒಳಗೆ ಸೈಕಲ್ ಟ್ಯೂಬಿನ ಪಟ್ಟಿಗಳು. ಕಬ್ಬಿಣದ ಹಲ್ಲು ಹಾಕಿದ್ದಾಗ ಕಾಳು ಒಡೆಯುತ್ತಿತ್ತು. ರಬ್ಬರ್ ಹಾಕಿದ ಮೇಲೆ ಗೊಂಚಲಿನಿಂದ ಕಾಳು ಮೆತ್ತಗೆ ಉದುರಿತು. ಆ ಟ್ಯೂಬಿನ ಪಟ್ಟಿಯ ಉದ್ದ ಎಷ್ಟಿರಬೇಕು ಎಂದು ಕಂಡುಕೊಳ್ಳಲು ಅವರಿಗೆ ಎರಡು ಕೊಯ್ಲು ಹಿಡಿಯಿತು.

ಮೇಳವೊಂದಕ್ಕೆ ಕರೆದರು. ಹೋದರು. ಮಂತ್ರಿಗಳು ಸ್ವಿಚ್ ಒತ್ತಿದರು. ‘ಇಂಥ ಪ್ರತಿಭೆಗಳು ನಾಡಿನ ಆಸ್ತಿ’ ಎಂದರು. ಶಾಲು, ಹಾರ, ಹಣ್ಣಿನ ಬುಟ್ಟಿ. ಟೀವಿಯವರು ಡ್ರಮ್ಮಿನ ಒಳಗೆಲ್ಲ ಕ್ಯಾಮೆರಾ ತೂರಿಸಿ ತೋರಿಸಿದರು.

ಆರು ತಿಂಗಳ ನಂತರ ಪೇಟೆಂಟ್ ಏಜೆಂಟರ ಹತ್ತಿರ ಹೋದರು. ಜೊತೆಗೆ ನಾನೂ ಇದ್ದೆ. ಏಜೆಂಟರು ಕೇಳಿದ ಮೊದಲ ಪ್ರಶ್ನೆ: ‘ಇದನ್ನ ಎಲ್ಲಾದರೂ ತೋರಿಸಿದ್ದೀರಾ?’ ಇವರು ಖುಷಿಯಿಂದ ಶಾಲು ಹೊದ್ದ ಫೋಟೊ ತೆಗೆದು ಮೇಜಿನ ಮೇಲಿಟ್ಟರು. ಏಜೆಂಟರು ಪೆನ್ನಿನ ಕ್ಯಾಪ್ ಹಾಕಿದರು.

ಕಾನೂನು ಸರಳ. ಅರ್ಜಿಗೆ ಮೊದಲೇ ಲೋಕಕ್ಕೆ ತೋರಿಸಿದರೆ ಅದು ಹೊಸದಲ್ಲ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನವಾಗಿದ್ದರೆ 12 ತಿಂಗಳ ವಿನಾಯಿತಿ ಉಂಟು. ನಮ್ಮ ಮೇಳಕ್ಕೆ ಮಂತ್ರಿ ಬಂದಿದ್ದರು, ಗೆಜೆಟ್ ಬಂದಿರಲಿಲ್ಲ. ಮೇಳದ ಹಿಂದಿನ ದಿನ ತಾತ್ಕಾಲಿಕ ಅರ್ಜಿ ಹಾಕಿದ್ದರೆ ಸಾಕಿತ್ತು. ಶುಲ್ಕ 1,600 ರೂಪಾಯಿ. ಪೂರ್ಣ ವಿವರ ಕೊಡಲು ಮುಂದೆ 12 ತಿಂಗಳ ಸಮಯ. ಇಷ್ಟನ್ನು ಹೇಳುವವರು ಆ ವೇದಿಕೆಯ ಮೇಲೆ ಒಬ್ಬರೂ ಇರಲಿಲ್ಲ. ಸ್ವಾಗತ ಭಾಷಣ ಮಾತ್ರ ಇಪ್ಪತ್ತು ನಿಮಿಷ ಇತ್ತು.

ಮುಂದಿನ ಸುಗ್ಗಿಗೆ ಪೇಟೆಯ ಅಂಗಡಿಯಲ್ಲಿ ಅದೇ ಯಂತ್ರ ಬಂತು. ಹಸಿರು ಪೇಂಟು, ಹೊರರಾಜ್ಯದ ವಿಳಾಸ, ಅದೇ ಅಳತೆಯ ರಬ್ಬರ್ ಪಟ್ಟಿ. ಮೇಲೆ ಬಂಗಾರದ ಬಣ್ಣದ ಸ್ಟಿಕ್ಕರ್: ‘ಪೇಟೆಂಟೆಡ್’. ನಂಬರ್ ಇಲ್ಲ. ಪೇಟೆಂಟ್ ಇಲ್ಲದೆ ಹಾಗೆ ಬರೆದುಕೊಂಡರೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಎನ್ನುತ್ತದೆ ಕಾನೂನು. ಅಂಗಡಿಯವನಿಗೆ ಹೇಳಿದೆ. ‘ಸ್ಟಿಕ್ಕರ್ ಬೇಡ ಅಂದ್ರೆ ಕಿತ್ತು ಕೊಡ್ತೀನಿ ಸರ್’ ಎಂದ.

ನಿಜವಾದ ಸಂಶೋಧನೆಗೆ ಮನ್ನಣೆ ಸಿಕ್ಕಿದ್ದೂ ಇದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಹುಣಸೆ ಬೆಳೆದರು. ಬೀಜ ಬಿಡಿಸುವುದು ಕಷ್ಟವಾಯಿತು. ಬಿಡಿಸುವ ಯಂತ್ರ ಮಾಡಿದರು. ಮೊದಲು ತಾಪತ್ರಯ, ಆಮೇಲೆ ಯಂತ್ರ. ನಮ್ಮ ಕಾಲೇಜುಗಳಲ್ಲಿ ಮೊದಲು ಸರ್ಟಿಫಿಕೇಟು. ಆಮೇಲೆ ಫೋಟೊ. ಯಂತ್ರ ಸಿಲಬಸ್‌ನಲ್ಲಿ ಇಲ್ಲ.

ಇಡೀ ವ್ಯವಸ್ಥೆಯಲ್ಲಿ ಪ್ರಾಮಾಣಿಕವಾದ ಪ್ರಶ್ನೆ ಒಂದೇ ಒಂದು. ಅದು ಫಾರ್ಮ್ 27ರಲ್ಲಿದೆ. ಪೇಟೆಂಟ್ ಪಡೆದ ವಸ್ತು ಈ ದೇಶದಲ್ಲಿ ಬಳಕೆಗೆ ಬಂತೋ ಇಲ್ಲವೋ ಎಂದು ಸರ್ಕಾರ ಕೇಳುತ್ತದೆ. ಮೊದಲು ಪ್ರತಿ ವರ್ಷ ಕೇಳುತ್ತಿತ್ತು. ಮುಜುಗರ ಆಯಿತೇನೋ, 2024ರಿಂದ ಮೂರು ವರ್ಷಕ್ಕೊಮ್ಮೆ ಕೇಳುತ್ತಿದೆ.

ಗೆಳೆಯನ ಹನ್ನೊಂದನೆಯದಕ್ಕೆ ನಿಜಕ್ಕೂ ಪೇಟೆಂಟ್ ಸಿಕ್ಕಿತ್ತು. ಕಾಲೇಜು ಗೇಟಿಗೆ ಫ್ಲೆಕ್ಸ್ ಕಟ್ಟಿದರು. ಆಡಳಿತ ಮಂಡಳಿಯವರ ಫೋಟೊ ದೊಡ್ಡದು, ಇವನದು ಸ್ಟಾಂಪಿನಷ್ಟು. ಪೇಟೆಂಟ್ 20 ವರ್ಷ ಬದುಕಬೇಕಾದರೆ ನವೀಕರಣ ಶುಲ್ಕ ಕಟ್ಟಬೇಕು. ಮೂರನೇ ವರ್ಷದಿಂದ ಆರನೇ ವರ್ಷದವರೆಗೆ ವರ್ಷಕ್ಕೆ 800 ರೂಪಾಯಿ. ರ್‍ಯಾಂಕಿಂಗ್ ಮುಗಿದಿತ್ತು. ಕಾಲೇಜು ಕಟ್ಟಲಿಲ್ಲ.

ಪೇಟೆಂಟ್ ಸತ್ತಿದೆ. ಫ್ಲೆಕ್ಸ್ ಇನ್ನೂ ಗೇಟಿನ ಮೇಲಿದೆ.