ಬ್ರೂನೋಗೆ ಪ್ರವೇಶವಿಲ್ಲ

ನಾಯಿಯನ್ನು ಬಿಟ್ಟು ಸ್ವರ್ಗಕ್ಕೂ ಬರಲಾರೆ ಎಂದು ಇಂದ್ರನೆದುರು ಹಟ ಹಿಡಿದ ಧರ್ಮರಾಯ, ಕ್ಯಾಲಿಫೋರ್ನಿಯಾದ ಟೋರಿ ಪೈನ್ಸ್ ನಿಸರ್ಗಧಾಮದ ಗೇಟಿನಲ್ಲಿ ಏನು ಮಾಡುತ್ತಿದ್ದನೋ! ಸ್ಯಾನ್ ಡಿಯಾಗೋದಲ್ಲಿ ಕಡಲಂಚಿಗೇ ಎದ್ದು ನಿಂತ ಮರಳುಗಲ್ಲಿನ ಕಡಿದಾದ ಗುಡ್ಡ, ಮೇಲೆ ಗಾಳಿಗೆ ಸೊಟ್ಟಗಾದ ಪೈನ್ ಮರಗಳು. ಈ ಜಾತಿಯ ಮರ ತಾನಾಗಿ ಬೆಳೆಯುವುದು ಇಲ್ಲಿ ಮತ್ತು ಸಾಂತಾ ರೋಸಾ ದ್ವೀಪದಲ್ಲಿ ಮಾತ್ರ. ಆದರೆ ನಾಯಿಗೆ ಪ್ರವೇಶವಿಲ್ಲ. ಕಾಲುದಾರಿಯಲ್ಲಿಲ್ಲ, ಕೆಳಗಿನ ಬೀಚಿನಲ್ಲಿಲ್ಲ, ಕಾರಿನೊಳಗೆ ತೆಪ್ಪಗೆ ಕೂತಿದ್ದರೂ ಇಲ್ಲ! ಅಂಗವಿಕಲರ ಸಹಾಯಕ ನಾಯಿಗಳಿಗಷ್ಟೇ ರಿಯಾಯಿತಿ.

"ನಮ್ಮ ಬ್ರೂನೋ ಪಾಪ, ಏನೂ ಮಾಡಲ್ಲ ಕಣ್ರೀ" ಎನ್ನುವುದು ನಾಯಿ ಸಾಕಿದವರ ರಾಷ್ಟ್ರಗೀತೆ. ಬ್ರೂನೋ ಏನೂ ಮಾಡಬೇಕಾಗಿಲ್ಲ, ಅವನ ವಾಸನೆಯೇ ಸಾಕು. ಬೇಟೆಗಾರ ಬಂದನೆಂದು ಮೊಲ, ಅಳಿಲುಗಳು ದಿಕ್ಕಾಪಾಲು. ಅದರ ಮೇಲೆ, ಮರ ಕಂಡಲ್ಲೆಲ್ಲ ಕಾಲೆತ್ತಿ ರುಜು ಹಾಕುವ ಚಟ ಬೇರೆ. ಅಪರೂಪದ ಮರವೆಂದು ಅವನಿಗೆ ಹೇಳುವವರ್ಯಾರು? ಗುಡ್ಡದ ಅಂಚೂ ಗಟ್ಟಿಯಲ್ಲ, ಆಗಾಗ ಕುಸಿಯುತ್ತದೆ. ಅಳಿಲಿನ ಹಿಂದೆ ಓಡುವ ನಾಯಿಗೆ, ನಾಯಿಯ ಹಿಂದೆ ಓಡುವ ಯಜಮಾನರಿಗೆ ಬ್ರೇಕ್ ಎಲ್ಲಿದೆ?

ಬೇಜಾರು ಬೇಡ. ಉತ್ತರಕ್ಕೆ ಸ್ವಲ್ಪ ದೂರದ ಡೆಲ್ ಮಾರ್‌ನಲ್ಲಿ ನಾಯಿಗಳಿಗೆಂದೇ ಹೆಸರಾದ ಬೀಚ್ ಇದೆ. ಅಲ್ಲಿ ಅವು ಪರಸ್ಪರ ಹಿಂಭಾಗ ಮೂಸಿ ಕುಶಲ ವಿಚಾರಿಸುವಾಗ, ಯಜಮಾನರು ಆಕಾಶ ನೋಡುತ್ತ ಹವಾಮಾನದ ಮಾತಾಡುತ್ತಾರೆ.

ಸ್ಯಾನ್ ಡಿಯಾಗೋದ ಮಗಳ ಮನೆಗೆ ಹೊರಟಿರುವ ಅಪ್ಪ ಅಮ್ಮಂದಿರೇ, ಗುಡ್ಡ ನೋಡುವ ದಿನ ಬ್ರೂನೋನನ್ನು ಅಳಿಯಂದಿರ ವಶಕ್ಕೆ ಒಪ್ಪಿಸಿ ಹೋಗಿ. ಇಬ್ಬರಿಗೂ ವಿಶ್ರಾಂತಿ.